ಗಾಡಿಯೊಳಗಿನ ಮನೆಗೆ ಯಾವ ಬ್ಯಾಟರಿ? ಟ್ಯೂಬ್ಯುಲರ್, ಎಜಿಎಂ, ಲಿಥಿಯಂ ಹೋಲಿಕೆ

ಹೋದ ಏಪ್ರಿಲ್‌ನಲ್ಲಿ ಲಕ್ಕುಂಡಿ ಹತ್ತಿರ ಗಾಡಿ ನಿಲ್ಲಿಸಿ ಮಲಗಿದ್ದೆವು. ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಫ್ರಿಜ್ ಎರಡು ಮೂರು ಸಲ ಟಿಕ್ ಟಿಕ್ ಅಂತು, ಆಮೇಲೆ ಸುಮ್ಮನಾಯಿತು. ಎದ್ದು ನೋಡಿದರೆ ಮೀಟರ್‌ನಲ್ಲಿ 10.4 ವೋಲ್ಟ್. ಫ್ರಿಜ್ಜಿನೊಳಗೆ ಅವ್ವನ ಇನ್ಸುಲಿನ್ ಇತ್ತು. ತೆರೆಯದ ಪೆನ್ನುಗಳು 2ರಿಂದ 8 ಡಿಗ್ರಿಯೊಳಗೇ ಇರಬೇಕು. ಇಂಜಿನ್ನಿನ ಬ್ಯಾಟರಿ ಬೇರೆ ಇದ್ದದ್ದರಿಂದ ಗಾಡಿಯೇನೋ ಚಾಲೂ ಆಯಿತು. ಹೆಂಡತಿ ಪೆನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ಥರ್ಮಾಸ್‌ನಲ್ಲಿ ಇಟ್ಟಳು. ಗದಗಿಗೆ ಬಂದು ಐಸ್ ಸಿಗುವವರೆಗೆ ಮೂವರ ಬಾಯಲ್ಲೂ ಮಾತಿರಲಿಲ್ಲ.

ಆ ಬ್ಯಾಟರಿಗೆ ಆಗ ಎಂಟೇ ತಿಂಗಳು. ನಮ್ಮ ಹಳೆಯ ಟೆಂಪೋ ಟ್ರಾವೆಲರ್‌ನಲ್ಲಿ ಸೀಟು ತೆಗೆಸಿ ಮಂಚ, ಅಡುಗೆ ಕಟ್ಟೆ, ಫ್ರಿಜ್ ಕೂರಿಸಿದ್ದೇವೆ. ಅದಕ್ಕೆ ಎರಡನೇ ಬ್ಯಾಟರಿ ಬೇಕು ಅಂದಾಗ ಹುಬ್ಬಳ್ಳಿಯ ಒಂದು ಅಂಗಡಿಯವರು 'ಇದು ಎಲ್ಲದಕ್ಕೂ ನಡೀತದ' ಅಂತ ಕೊಟ್ಟಿದ್ದರು. ವಾಪಸ್ ಬಂದ ಮೇಲೆ ಗಾಡಿಯ ವೈರಿಂಗ್ ಮಾಡಿದ ಮಿಸ್ತ್ರಿಗೆ ತೋರಿಸಿದೆ. ಅವರು ಬ್ಯಾಟರಿ ಮೇಲಿನ ಚೀಟಿ ಓದಿ ಹೇಳಿದರು: 'ಇದು ಲಾರಿ ಚಾಲೂ ಮಾಡೋ ಬ್ಯಾಟರಿ ಐತ್ರಿ ಸರ್ರ. ರಾತ್ರಿಯೆಲ್ಲಾ ದುಡಿಯೋದಲ್ಲ. ಅದರಾಗ ನೀವು ಇದನ್ನ ತಿಂಗಳಾನುಗಟ್ಟಲೆ ಉಪವಾಸ ಕೆಡವೀರಿ.'

ಆ ಉಪವಾಸದ ಮಾತು ನನ್ನ ತಲೆಯಲ್ಲಿ ಉಳಿಯಿತು. ನಾವು ವರ್ಷಕ್ಕೆ ಅರವತ್ತು ರಾತ್ರಿ ಹೊರಗೆ ಮಲಗಿದರೆ ಜಾಸ್ತಿ. ಉಳಿದ ಮುನ್ನೂರು ದಿನ ಗಾಡಿ ಮನೆ ಮುಂದೆ ನಿಂತಿರುತ್ತದೆ. ಬ್ಯಾಟರಿ ಕೆಡುವುದು ಆ ಮುನ್ನೂರು ದಿನದಲ್ಲಿ. ಹಾಗಾಗಿ ಹೊಸ ಬ್ಯಾಟರಿ ಆರಿಸುವಾಗ ಎಷ್ಟು ಎಎಚ್ (ಆಂಪಿಯರ್ ಅವರ್, ಅಂದರೆ ಬ್ಯಾಟರಿಯೊಳಗೆ ಎಷ್ಟು ಕರೆಂಟು ಹಿಡಿಯುತ್ತದೆ ಎಂಬ ಅಳತೆ), ಎಷ್ಟು ರೇಟು ಅಂತ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಪೂರ್ತಿ ತುಂಬುವುದು ಎಲ್ಲಿಂದ? ಗಾಡಿ ನಿಂತಾಗ ಇದನ್ನು ನೋಡಿಕೊಳ್ಳುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷೆ ಮಾಡಿ

ಎಷ್ಟೋ ಸಲ ಬ್ಯಾಟರಿ ಚೆನ್ನಾಗೇ ಇರುತ್ತದೆ. ಚಾರ್ಜ್ ಬರುವ ದಾರಿ ಕೆಟ್ಟಿರುತ್ತದೆ. ಸಡಿಲಾದ ಅರ್ಥ್ ವೈರು, ಸುಟ್ಟ ಫ್ಯೂಸು, ಅಂಟಿಕೊಂಡ ರಿಲೇ (ಇಂಜಿನ್ ಕಡೆಯಿಂದ ಎರಡನೇ ಬ್ಯಾಟರಿಗೆ ಚಾರ್ಜ್ ಬಿಡುವ ಸ್ವಿಚ್ಚು), ಇದರಲ್ಲಿ ಯಾವುದಾದರೂ ಆಗಿರಬಹುದು. ಇಂಜಿನ್ ಚಾಲೂ ಮಾಡಿ ಎರಡನೇ ಬ್ಯಾಟರಿಯ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಇಡಿ. ಸುಮಾರು 13.8ರಿಂದ 14.4 ವೋಲ್ಟ್ ತೋರಿಸಬೇಕು. 12.3ರಲ್ಲೇ ನಿಂತಿದ್ದರೆ ತಪ್ಪು ಬ್ಯಾಟರಿಯದ್ದಲ್ಲ. ಹೊಸದು ಹಾಕಿದರೂ ಅದೇ ಗತಿ.

ಚಾರ್ಜ್ ಸರಿಯಾಗಿ ಬರುತ್ತಿದ್ದರೆ ಬ್ಯಾಟರಿಯನ್ನೇ ನೋಡಬೇಕು. ಮನೆಯ ಕರೆಂಟಿನಿಂದ ಪೂರ್ತಿ ಚಾರ್ಜ್ ಮಾಡಿ, ಎಲ್ಲ ವೈರು ಬಿಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಲೆಡ್ ಆಸಿಡ್ ಬ್ಯಾಟರಿ (ಟ್ಯೂಬ್ಯುಲರ್, ಎಜಿಎಂ, ಜೆಲ್ ಎಲ್ಲ ಈ ಜಾತಿಯವೇ) 12.7ರ ಆಸುಪಾಸು ಇರಬೇಕು. ಆಮೇಲೆ ನಮ್ಮ ಮಿಸ್ತ್ರಿ ಮಾಡುವ ಹಾಗೆ ಮಾಡಿ: 55 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬು ಒಂದನ್ನು ನೇರವಾಗಿ ಬ್ಯಾಟರಿಗೆ ಕೊಡಿ. ಅದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಆರೋಗ್ಯವಾಗಿರುವ 100 ಎಎಚ್ ಬ್ಯಾಟರಿ ಅರ್ಧಕ್ಕೆ ಬರಲು ಹತ್ತು ಹನ್ನೊಂದು ಗಂಟೆ ಹಿಡಿಯುತ್ತದೆ. ಮಧ್ಯೆ ಮಧ್ಯೆ ಬಲ್ಬು ತೆಗೆದು, ಒಂದು ಗಂಟೆ ಬಿಟ್ಟು ಅಳೆಯಿರಿ. 12.2 ಬಂತೆಂದರೆ ಅರ್ಧ ಖಾಲಿ. ನನ್ನದು ಮೂರನೇ ಗಂಟೆಗೇ 12.1ಕ್ಕೆ ಇಳಿದಿತ್ತು. ಬಲ್ಬು ಮಾತ್ರ ಉರಿಯುತ್ತಲೇ ಇತ್ತು. ಸುಮ್ನೆ ಬಲ್ಬಿನ ಬೆಳಕು ನೋಡಿ ಬ್ಯಾಟರಿ ಸರಿ ಇದೆ ಅಂದುಕೊಳ್ಳುವುದು ಇದಕ್ಕೇ ತಪ್ಪು.

ನೀರು ಹಾಕುವ ಬ್ಯಾಟರಿ ಆಗಿದ್ದರೆ ಹೈಡ್ರೋಮೀಟರ್‌ನಿಂದ ಆರೂ ಸೆಲ್ಲಿನ ಗ್ರ್ಯಾವಿಟಿ, ಅಂದರೆ ಆಸಿಡ್ಡಿನ ಸಾಂದ್ರತೆ ನೋಡಿ. ಐದು ಸೆಲ್ಲು 1240 ತೋರಿಸಿ ಒಂದು ಮಾತ್ರ 1150ರಲ್ಲಿ ಕೂತಿದ್ದರೆ ಆ ಒಂದು ಸೆಲ್ಲು ಹೋಗಿದೆ. ಇಡೀ ಬ್ಯಾಟರಿ ಬದಲಿಸಲೇಬೇಕು.

ನಿಮ್ಮ ಲೆಕ್ಕ ನಿಮಗೆ ಗೊತ್ತಿರಲಿ

ನಮ್ಮ ಗಾಡಿಯ ಒಂದು ದಿನದ ಲೆಕ್ಕ ಹೀಗಿದೆ. ಬೇಸಿಗೆಯಲ್ಲಿ 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ಜಿಗೆ 35ರಿಂದ 40 ಎಎಚ್. ಎರಡು ಆಂಪಿಯರಿನ ಫ್ಯಾನು ರಾತ್ರಿ ಎಂಟು ತಾಸು ತಿರುಗಿದರೆ 16. ಎಲ್‌ಇಡಿ ದೀಪ, ನೀರಿನ ಪಂಪು, ನಾಲ್ಕು ಮೊಬೈಲು ಸೇರಿ 15. ಒಟ್ಟು 70 ಎಎಚ್ ಹತ್ತಿರ. ಫ್ರಿಜ್ ಇಲ್ಲದ ಗಾಡಿಗೆ 30 ಸಾಕು. ಅಂದರೆ ನಿಮಗೆ ಯಾವ ಬ್ಯಾಟರಿ ಬೇಕು ಎಂಬುದನ್ನು ಬಹುಪಾಲು ಫ್ರಿಜ್ಜೇ ಹೇಳುತ್ತದೆ.

ಈಗ ಬ್ಯಾಟರಿ ಮೇಲೆ ಬರೆದ ಅಂಕಿ. ಲೆಡ್ ಬ್ಯಾಟರಿ 150 ಎಎಚ್ ಅಂದರೆ ಅಷ್ಟೂ ನಿಮ್ಮದಲ್ಲ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಆಯುಷ್ಯ ಬೇಗ ಮುಗಿಯುತ್ತದೆ. ಹಾಗಾಗಿ ಕೈಗೆ ಸಿಗುವುದು 75. ಲಿಥಿಯಂ 100 ಎಎಚ್‌ನಲ್ಲಿ 80ರಿಂದ 90 ಧೈರ್ಯವಾಗಿ ಬಳಸಬಹುದು. ಇನ್ನೊಂದು, ಅಂಕಿಯ ಪಕ್ಕದಲ್ಲಿ ಸಿ10 ಅಥವಾ ಸಿ20 ಅಂತ ಇರುತ್ತದೆ. ಹತ್ತು ತಾಸಿನಲ್ಲಿ ಖಾಲಿ ಮಾಡಿ ಅಳೆದದ್ದೋ ಇಪ್ಪತ್ತು ತಾಸಿನಲ್ಲೋ ಎಂಬ ಲೆಕ್ಕ ಅದು. ಲೆಡ್ ಬ್ಯಾಟರಿಯನ್ನು ನಿಧಾನವಾಗಿ ಬಳಸಿದಷ್ಟೂ ಜಾಸ್ತಿ ಕೊಡುತ್ತದೆ. ಹಾಗಾಗಿ ಒಂದೇ 150 ಬರೆದಿದ್ದರೂ ಸಿ10 ಬ್ಯಾಟರಿ ಸಿ20ಕ್ಕಿಂತ ದೊಡ್ಡದು. ಎರಡು ಅಂಗಡಿಯ ರೇಟು ಹೋಲಿಸುವಾಗ ಇದನ್ನು ನೋಡದೆ ಹೋಲಿಸಬೇಡಿ.

ಟ್ಯೂಬ್ಯುಲರ್: ಮನೆಗೆ ಚಲೋ, ಗಾಡಿಗೆ ಕಷ್ಟ

ನಮ್ಮ ಕಡೆ ಮನೆ ಮನೆಯಲ್ಲೂ ಇನ್ವರ್ಟರ್ ಕೆಳಗೆ ಕೂತಿರುವುದು ಇದೇ. ದಪ್ಪ ಪ್ಲೇಟು, ಆಳವಾಗಿ ಇಳಿಸಿದರೂ ತಡೆಯುತ್ತದೆ, ಎಲ್ಲ ಮಿಸ್ತ್ರಿಗಳಿಗೂ ಗೊತ್ತು. ಕೊಟ್ಟ ದುಡ್ಡಿಗೆ ಇಷ್ಟು ಕರೆಂಟು ಇನ್ನಾವ ಬ್ಯಾಟರಿಯೂ ಕೊಡುವುದಿಲ್ಲ. ನಾನೂ ಮೊದಲು ಇದನ್ನೇ ಹಾಕೋಣ ಅಂತಿದ್ದೆ. ಟೇಪು ಹಿಡಿದು ಅಳೆದ ಮೇಲೆ ಬಿಟ್ಟೆ. 150 ಎಎಚ್‌ನ ಎತ್ತರದ ಟ್ಯೂಬ್ಯುಲರ್ 40 ಸೆಂಟಿಮೀಟರಿಗಿಂತ ಎತ್ತರ ಇರುತ್ತದೆ, ಮಂಚದ ಕೆಳಗೆ ಹೋಗುವುದಿಲ್ಲ. ಆಸಿಡ್ ಸಮೇತ ತೂಕ 50ರಿಂದ 60 ಕಿಲೋ.

ಜಾಗ ಇದೆ ಅಂದರೂ ಎರಡು ತೊಂದರೆ ಇವೆ. ಚಾರ್ಜ್ ಆಗುವಾಗ ಇದು ಹೈಡ್ರೋಜನ್ ಬಿಡುತ್ತದೆ. ಮನೆಯ ವರಾಂಡದಲ್ಲಿ ಅದು ಗಾಳಿಗೆ ಹೋಗುತ್ತದೆ. ಕಿಟಕಿ ಮುಚ್ಚಿ ಮೂವರು ಮಲಗಿದ ಗಾಡಿಯೊಳಗೆ ಎಲ್ಲಿ ಹೋಗಬೇಕು? ಮುಚ್ಚಿದ ಪೆಟ್ಟಿಗೆ ಮಾಡಿಸಿ ಅದರಿಂದ ಹೊರಗೆ ಪೈಪು ಕೊಡಲೇಬೇಕು. ಎರಡನೆಯದು, ಆಸಿಡ್ ಅಲುಗಾಡುವುದು. ಯಲ್ಲಾಪುರ ದಾಟಿ ಅಂಕೋಲೆ ಕಡೆ ಅರಬೈಲ್ ಘಟ್ಟ ಇಳಿಯುವಾಗ ಗಾಡಿ ಎಷ್ಟು ವಾಲುತ್ತದೆ ಅಂತ ಹೋದವರಿಗೆ ಗೊತ್ತು. ಮುಚ್ಚಳದ ಸುತ್ತ ಒದ್ದೆ, ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ, ಕೆಳಗಿನ ತಗಡಿಗೆ ತುಕ್ಕು, ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಮುಚ್ಚಳ ತೆಗೆದು ಡಿಸ್ಟಿಲ್ಡ್ ನೀರು ನೋಡಬೇಕು. ನಲ್ಲಿ ನೀರು ಹಾಕುವ ಹಾಗಿಲ್ಲ.

ಗಾಡಿ ಒಂದೇ ಕಡೆ ತಿಂಗಳುಗಟ್ಟಲೆ ನಿಂತಿರುತ್ತದೆ, ಹೊಲದಲ್ಲಿ ಸೋಲಾರ್ ಇದೆ, ಬ್ಯಾಟರಿ ಹೊರಗಿನ ಪೆಟ್ಟಿಗೆಯಲ್ಲಿದೆ ಅನ್ನುವವರಿಗೆ ಟ್ಯೂಬ್ಯುಲರ್ ಸರಿ. ಓಡಾಡುವ ಗಾಡಿಗೆ ನಾನು ಹೇಳುವುದಿಲ್ಲ.

ಎಜಿಎಂ ಮತ್ತು ಜೆಲ್

ಅಂಗಡಿಯಲ್ಲಿ ಎಸ್‌ಎಂಎಫ್ ಅಂದರೆ ನೀರು ಹಾಕದ, ಮುಚ್ಚಿದ ಬ್ಯಾಟರಿ. ಅದರಲ್ಲಿ ಎಜಿಎಂ ಒಂದು ಬಗೆ. ಆಸಿಡ್ ಎಲ್ಲ ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ. ಮಾಮೂಲಿನಲ್ಲಿ ಗ್ಯಾಸ್ ಹೊರಗೆ ಬರುವುದಿಲ್ಲ. ಮಂಚದ ಕೆಳಗೆ ಇಡಬಹುದು. ಹಳೆಯ ಲೆಡ್ ಬ್ಯಾಟರಿಯ ಜಾಗಕ್ಕೆ ಹೆಚ್ಚಿನ ವೈರಿಂಗ್ ಕೆಲಸ ಇಲ್ಲದೆ ಕೂರುತ್ತದೆ. 100 ಎಎಚ್‌ಗೆ 28ರಿಂದ 30 ಕಿಲೋ. ಆದರೆ ಎಸ್‌ಎಂಎಫ್ ಎಂಬ ಹೆಸರಿನಲ್ಲೇ ಇಂಜಿನ್ ಚಾಲೂ ಮಾಡುವ ಬ್ಯಾಟರಿಯೂ ಸಿಗುತ್ತದೆ. ನಾನು ಮೋಸ ಹೋದದ್ದು ಅಲ್ಲೇ. ಚೀಟಿಯ ಮೇಲೆ ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ಅಂತ ದೊಡ್ಡದಾಗಿ ಬರೆದಿದ್ದರೆ ಅದು ಚಾಲೂ ಮಾಡುವುದಕ್ಕೆ. ತೆಳು ಪ್ಲೇಟು, ಎರಡು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವ ಕೆಲಸ. ಡೀಪ್ ಸೈಕಲ್, ಅಂದರೆ ಆಳವಾಗಿ ಇಳಿಸಿ ಮತ್ತೆ ತುಂಬುವುದಕ್ಕೆ ಮಾಡಿದ್ದು ಅಂತ ಬರೆದದ್ದನ್ನೇ ಕೇಳಿ.

ಎಜಿಎಂ ಅರ್ಧದವರೆಗೆ ಇಳಿಸಿದರೆ 400ರಿಂದ 600 ಸಲ ಬರುತ್ತದೆ. ವರ್ಷಕ್ಕೆ ಅರವತ್ತು ರಾತ್ರಿ ಅಂದರೆ ಎಂಟು ವರ್ಷ ಬರಬೇಕಲ್ವಾ? ನಮ್ಮಂಥವರ ಗಾಡಿಯಲ್ಲಿ ಅಷ್ಟು ಬರುವುದಿಲ್ಲ. ಕಾರಣ ಆ ಮುನ್ನೂರು ದಿನ. ಲೆಡ್ ಬ್ಯಾಟರಿ ಖಾಲಿಯಾಗುವಾಗ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ಹಾಗೇ ಬಿಟ್ಟರೆ, ಸಕ್ಕರೆ ಪಾಕ ಆರಿದ ಮೇಲೆ ಹರಳುಗಟ್ಟಿದ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಬಿಡುವುದಿಲ್ಲ. ಗಾಡಿಯಲ್ಲಿ ಜಿಪಿಎಸ್ ಟ್ರ್ಯಾಕರ್, ಟೇಪಿನ ಗಡಿಯಾರ ಅಂತ 50 ಮಿಲಿ ಆಂಪಿಯರ್ ಹೋಗುತ್ತಿದ್ದರೆ ನಮಗೆ ಗೊತ್ತೂ ಆಗುವುದಿಲ್ಲ. ತಿಂಗಳಿಗೆ ಲೆಕ್ಕ ಹಾಕಿ: 36 ಎಎಚ್! ಆರು ವಾರದಲ್ಲಿ 100 ಎಎಚ್ ಬ್ಯಾಟರಿ ಅರ್ಧ ಖಾಲಿ. ಮಿಸ್ತ್ರಿ ಹೇಳಿದ ಉಪವಾಸ ಇದೇ.

ಸೆಕೆ ಇನ್ನೊಂದು ಶತ್ರು. 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಲೆಡ್ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧ ಆಗುತ್ತದೆ. ಹುಬ್ಬಳ್ಳಿ, ಗದಗದ ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯ ಒಳಗೆ ಎಷ್ಟು ಕಾಯುತ್ತದೆ ಅಂತ ಬಾಗಿಲು ತೆಗೆದವರಿಗೆ ಗೊತ್ತು. ನೆರಳಲ್ಲಿ ನಿಲ್ಲಿಸಿದ್ದಕ್ಕೂ ಬಿಸಿಲಲ್ಲಿ ನಿಲ್ಲಿಸಿದ್ದಕ್ಕೂ ವರ್ಷಗಳ ವ್ಯತ್ಯಾಸ ಬರುತ್ತದೆ.

ಜೆಲ್ ಬಗ್ಗೆ ಎರಡೇ ಮಾತು. ಆಳವಾಗಿ ಇಳಿಸುವುದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ನಿಧಾನವಾಗಿ, ಸುಮಾರು 14.1 ವೋಲ್ಟಿನಲ್ಲಿ ಚಾರ್ಜ್ ಆಗಬೇಕು. ಗಾಡಿಯ ಆಲ್ಟರ್ನೇಟರಿಗೆ (ಇಂಜಿನ್ ತಿರುಗುವಾಗ ಕರೆಂಟು ಮಾಡುವ ಡೈನಮೋ) ಆ ಶಿಸ್ತು ಇರುವುದಿಲ್ಲ. ಅದಕ್ಕೆ ತಕ್ಕ ಚಾರ್ಜರ್ ಮೊದಲೇ ಇದ್ದರೆ ಮಾತ್ರ ನೋಡಿ.

ಲಿಥಿಯಂ: ಯಾಕೆ ಕೊಳ್ಳಬೇಕು ಅಂತ ತಿಳಿದು ಕೊಳ್ಳಿ

ಇಲ್ಲಿ ಲಿಥಿಯಂ ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಮಾತ್ರ, ಎಲ್‌ಎಫ್‌ಪಿ ಅಂತಾರೆ. ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಇರುವ ಲಿಥಿಯಂ ಬೇರೆ. ಎಲ್‌ಎಫ್‌ಪಿ ಬೇಗ ಬೆಂಕಿ ಹಿಡಿಯುವ ಜಾತಿ ಅಲ್ಲ. ಮಲಗುವ ಜಾಗದ ಕೆಳಗೆ ಇಡುವುದಕ್ಕೆ ಇದನ್ನು ಬಿಟ್ಟು ಬೇರೆ ಲಿಥಿಯಂ ನಾನು ಒಪ್ಪುವುದಿಲ್ಲ.

ಮಾರುವವರು ಮೊದಲು ಹೇಳುವುದು 'ಮೂರು ಸಾವಿರ ಸೈಕಲ್ ಬರುತ್ತದೆ' ಅಂತ, ಅಂದರೆ ಅಷ್ಟು ಸಲ ಇಳಿಸಿ ತುಂಬಿಸಬಹುದು ಅಂತ. ವರ್ಷಕ್ಕೆ ಅರವತ್ತು ರಾತ್ರಿ ಹೋಗುವವರಿಗೆ ಅದು ಐವತ್ತು ವರ್ಷ! ಅಷ್ಟು ನಮಗೆ ಬೇಕಿಲ್ಲ, ಅಷ್ಟು ವರ್ಷ ಬ್ಯಾಟರಿ ಇರುವುದೂ ಇಲ್ಲ. ನಮಗೆ ಇದರ ಉಪಯೋಗ ಬೇರೆ. ಅರ್ಧ ಚಾರ್ಜಿನಲ್ಲಿ ತಿಂಗಳುಗಟ್ಟಲೆ ನಿಂತರೂ ಇದಕ್ಕೆ ಏನೂ ಆಗುವುದಿಲ್ಲ. ಹರಳುಗಟ್ಟುವ ರೋಗವೇ ಇಲ್ಲ. ಪೂರ್ತಿ ತುಂಬಿಸಿಡುವುದಕ್ಕಿಂತ ಅರ್ಧದಲ್ಲಿ ನಿಲ್ಲಿಸುವುದೇ ಇದಕ್ಕೆ ಒಳ್ಳೆಯದು.

ಎರಡನೇ ಉಪಯೋಗ, ಬೇಗ ತುಂಬುತ್ತದೆ. ಲೆಡ್ ಬ್ಯಾಟರಿ ಶೇಕಡಾ 80ರವರೆಗೆ ಹೇಗೋ ತುಂಬುತ್ತದೆ, ಕೊನೆಯ 20ಕ್ಕೆ ನಾಲ್ಕಾರು ತಾಸು ತಿನ್ನುತ್ತದೆ. ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಹೋಗುವಷ್ಟರಲ್ಲಿ ಅದು ಪೂರ್ತಿ ತುಂಬುವ ಮಾತೇ ಇಲ್ಲ. ಲಿಥಿಯಂ ಹೆಚ್ಚು ಕಡಿಮೆ ಕೊನೆಯವರೆಗೂ ಒಂದೇ ವೇಗದಲ್ಲಿ ತೆಗೆದುಕೊಳ್ಳುತ್ತದೆ. 30 ಆಂಪಿಯರಿನ ಚಾರ್ಜರ್ ಇದ್ದರೆ ಹುಬ್ಬಳ್ಳಿಯಿಂದ ಅಂಕೋಲೆ ಮುಟ್ಟುವ ಮೂರು ತಾಸಿನಲ್ಲಿ 80 ಎಎಚ್ ಒಳಗೆ ಹೋಗಿರುತ್ತದೆ. ಅದು ನಮ್ಮ ಒಂದು ದಿನದ ಖರ್ಚಿಗಿಂತ ಜಾಸ್ತಿ.

ಮೂರನೆಯದು ಮಳೆಗಾಲ. ಧಾರವಾಡದ ಕಡೆ ಜುಲೈನಲ್ಲಿ ಮೋಡ ಕವಿದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಏಪ್ರಿಲ್‌ನಲ್ಲಿ 60 ಎಎಚ್ ಕೊಡುವ 200 ವ್ಯಾಟಿನ ಪ್ಯಾನೆಲ್ಲು ಅಂಥ ದಿನಗಳಲ್ಲಿ 15-20 ಕೊಟ್ಟರೆ ಪುಣ್ಯ. ಲೆಡ್ ಬ್ಯಾಟರಿ ಆಗ ದಿನವೂ ಅರೆಹೊಟ್ಟೆಯಲ್ಲೇ ಇರುತ್ತದೆ, ಒಳಗೊಳಗೇ ಕೆಡುತ್ತದೆ. ಲಿಥಿಯಂ ಸಿಕ್ಕಷ್ಟು ತಿಂದು ಸುಮ್ಮನಿರುತ್ತದೆ.

ತೂಕ 100 ಎಎಚ್‌ಗೆ 11ರಿಂದ 13 ಕಿಲೋ. ಒಂದು ಕೈಯಲ್ಲಿ ಎತ್ತಿ ಇಟ್ಟಾಗ ನನಗೇ ನಂಬಿಕೆ ಬರಲಿಲ್ಲ.

ಇದರ ತೊಂದರೆಗಳನ್ನೂ ಹೇಳಲೇಬೇಕು. ಹಳೆಯ ರಿಲೇಯ ಮೂಲಕ ನೇರ ಆಲ್ಟರ್ನೇಟರಿಗೆ ಕೊಡಬೇಡಿ. ಖಾಲಿ ಲಿಥಿಯಂ ಸಿಕ್ಕಾಪಟ್ಟೆ ಕರೆಂಟು ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಡಬಹುದು. ಮಧ್ಯೆ ಡಿಸಿ-ಡಿಸಿ ಚಾರ್ಜರ್ ಬೇಕು, ಆಲ್ಟರ್ನೇಟರಿನ ಕರೆಂಟನ್ನು ಮಿತಿಯಲ್ಲಿಟ್ಟು ಸರಿಯಾದ ವೋಲ್ಟೇಜಿನಲ್ಲಿ ಬ್ಯಾಟರಿಗೆ ಕೊಡುವುದು ಅದೇ. ಹೊಸ ಬಿಎಸ್6 ಗಾಡಿಗಳಲ್ಲಿ ಎಷ್ಟೋ ಸಲ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಅಂಥ ಗಾಡಿಗೆ ಎಜಿಎಂ ಹಾಕಿದರೂ ಈ ಚಾರ್ಜರ್ ಇಲ್ಲದಿದ್ದರೆ ಪೂರ್ತಿ ತುಂಬುವುದಿಲ್ಲ. ಸೋಲಾರ್ ಕಂಟ್ರೋಲರ್, ಮನೆ ಕರೆಂಟಿನ ಚಾರ್ಜರ್, ಎರಡರಲ್ಲೂ ಲಿಥಿಯಂ ಸೆಟ್ಟಿಂಗ್ ಇರಬೇಕು, ಸುಮಾರು 14.2ರಿಂದ 14.6 ವೋಲ್ಟ್. ಟ್ಯೂಬ್ಯುಲರ್ ಸೆಟ್ಟಿಂಗಿನಲ್ಲಿ ಬಿಟ್ಟರೆ ವೋಲ್ಟೇಜ್ ಅದಕ್ಕೂ ಮೇಲೆ ಹೋಗಬಹುದು.

ಇನ್ನೊಂದು, ಇದು ಹೇಳದೆ ಕೇಳದೆ ನಿಲ್ಲುತ್ತದೆ. ಲೆಡ್ ಬ್ಯಾಟರಿ ಇಳಿಯುತ್ತಿದ್ದರೆ ದೀಪ ಮಂಕಾಗುತ್ತದೆ, ವೋಲ್ಟೇಜ್ ನೋಡಿ ಅಂದಾಜು ಮಾಡಬಹುದು. ಲಿಥಿಯಂ 13.2 ವೋಲ್ಟಿನ ಹತ್ತಿರವೇ ನಿಂತು, ಕೊನೆಗೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟು) ಒಮ್ಮೆಲೇ ಬಂದ್ ಮಾಡುತ್ತದೆ. ಇನ್ಸುಲಿನ್ ಇಡುವ ಫ್ರಿಜ್ಜಿಗೆ ಇದು ದೊಡ್ಡ ಅಪಾಯ. ನಾನು ಶಂಟ್ (ಹರಿಯುವ ಕರೆಂಟು ಅಳೆಯುವ ತುಂಡು) ಇರುವ ಬ್ಯಾಟರಿ ಮೀಟರ್ ಹಾಕಿಸಿದ್ದೇನೆ. ಒಳಗೆ ಹೋದ, ಹೊರಗೆ ಬಂದ ಎಎಚ್ ಎಣಿಸಿ ಶೇಕಡಾ ಎಷ್ಟು ಉಳಿದಿದೆ ಅಂತ ತೋರಿಸುತ್ತದೆ. ಮಲಗುವ ಮೊದಲು ಅವ್ವ ಅದನ್ನು ನೋಡಿಯೇ ಮಲಗುತ್ತಾಳೆ. 40ಕ್ಕಿಂತ ಕೆಳಗಿದ್ದರೆ 'ಫ್ಯಾನ್ ಸಣ್ಣದ ಮಾಡಪಾ' ಅಂತಾಳೆ.

ದುಡ್ಡಿನ ಲೆಕ್ಕ

ನಾನು ವಿಚಾರಿಸಿದಾಗ 150 ಎಎಚ್ ಟ್ಯೂಬ್ಯುಲರ್ ಹದಿನೈದು ಸಾವಿರದ ಆಸುಪಾಸು ಇತ್ತು, ಕೈಗೆ ಸಿಗುವುದು 75 ಎಎಚ್. 100ರ ಎರಡು ಎಜಿಎಂ ಇಪ್ಪತ್ತೈದು ಸಾವಿರ, ಸಿಗುವುದು 100. ಲಿಥಿಯಂ 100ಕ್ಕೆ ಮೂವತ್ತು ಸಾವಿರದ ಮೇಲೆ, ಸಿಗುವುದು 80ರಿಂದ 90. ಡಿಸಿ-ಡಿಸಿ ಚಾರ್ಜರಿಗೆ ಮತ್ತೆ ಹದಿನೈದು ಇಪ್ಪತ್ತು ಸಾವಿರ. ಅಂದರೆ ಬರೀ ಬ್ಯಾಟರಿ ನೋಡಿದರೆ ಲಿಥಿಯಂಗೂ ಎಜಿಎಂಗೂ ಈಗ ಅಷ್ಟೇನು ಅಂತರ ಇಲ್ಲ. ಅಂತರ ಇರುವುದು ಜೊತೆಗೆ ಬೇಕಾದ ಸಾಮಾನಿನಲ್ಲಿ. ಆ ಸಾಮಾನು ಒಂದು ಸಲದ ಖರ್ಚು, ಮುಂದಿನ ಬ್ಯಾಟರಿಗೂ ಅದೇ ನಡೆಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ಫ್ರಿಜ್ ಇಲ್ಲ, ವರ್ಷಕ್ಕೆ ಹತ್ತು ಹದಿನೈದು ರಾತ್ರಿ, ಮನೆ ಮುಂದೆ ಪ್ಲಗ್ ಪಾಯಿಂಟ್ ಇದೆ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುತ್ತೀರಿ ಅಂದರೆ ಒಂದು 100 ಎಎಚ್ ಡೀಪ್ ಸೈಕಲ್ ಎಜಿಎಂ ಸಾಕೇ ಸಾಕು. ಲಿಥಿಯಂಗೆ ದುಡ್ಡು ಹಾಕಬೇಡಿ. ಫ್ರಿಜ್ ಇದೆ, ಗಾಡಿ ನಿಲ್ಲುವ ಕಡೆ ಕರೆಂಟು ಇಲ್ಲ, ಅಪಾರ್ಟ್‌ಮೆಂಟಿನ ಕೆಳಗೋ ಖಾಲಿ ಸೈಟಿನಲ್ಲೋ ತಿಂಗಳುಗಟ್ಟಲೆ ನಿಂತಿರುತ್ತದೆ ಅಂದರೆ ಲಿಥಿಯಂ ಬಿಟ್ಟು ಬೇರೆ ಯೋಚನೆ ಬೇಡ. ಔಷಧಿ ಇಡುವ ಫ್ರಿಜ್ ಆದರೆ ಅಂಗಡಿಯವರ ಮಾತು, ಪಕ್ಕದವರ ಮಾತು ಯಾವುದೂ ಕೇಳಬೇಡಿ. ಲಿಥಿಯಂ ಹಾಕಿ, ಮೀಟರ್ ಹಾಕಿ, ಐಸ್ ಪ್ಯಾಕ್ ಮತ್ತು ಥರ್ಮಾಸನ್ನು ಜೊತೆಗೆ ಇಟ್ಟುಕೊಳ್ಳಿ.

ಅಂಗಡಿಯಲ್ಲಿ ನಿಂತಾಗ

ತಯಾರಾದ ತಿಂಗಳು ನೋಡಿ. ಆರು ತಿಂಗಳು ಕಪಾಟಿನಲ್ಲೇ ಕೂತ ಲೆಡ್ ಬ್ಯಾಟರಿ ಹೊಸದಲ್ಲ. ಅಲ್ಲೇ ಮಲ್ಟಿಮೀಟರ್ ಹಿಡಿಯಿರಿ, 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ಕೊಡಿ ಅನ್ನಿ. ವಾರಂಟಿ '36+24' ಅಂದರೆ ಐದು ವರ್ಷ ಪುಕ್ಕಟೆ ಬದಲಿ ಅಂತ ಅಲ್ಲ. ಮೊದಲ ಮೂರು ವರ್ಷ ಬದಲಿ ಕೊಡುತ್ತಾರೆ. ಉಳಿದ ಎರಡು ವರ್ಷ ಹೊಸದರ ಮೇಲೆ ಸ್ವಲ್ಪ ರಿಯಾಯಿತಿ ಅಷ್ಟೇ. ಇನ್ವರ್ಟರ್ ಬ್ಯಾಟರಿಯನ್ನು ಗಾಡಿಯಲ್ಲಿ ಹಾಕಿದರೆ ವಾರಂಟಿ ಇದೆಯೋ ಇಲ್ಲವೋ ಅಂತ ಕಾರ್ಡ್ ಓದಿ, ಬಾಯಿ ಮಾತು ಬೇಡ.

ಎರಡು ಬ್ಯಾಟರಿ ಜೋಡಿಸುವುದಾದರೆ ಎರಡೂ ಒಂದೇ ಕಂಪನಿ, ಒಂದೇ ಅಳತೆ, ಒಂದೇ ದಿನ ಕೊಂಡದ್ದು ಇರಲಿ. ಹಳೆಯದರ ಜೊತೆ ಹೊಸದು ಕಟ್ಟಿದರೆ ಹಳೆಯದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ. ಹಳೆಯ ಲೆಡ್ ಬ್ಯಾಟರಿಯನ್ನು ಗುಜರಿಗೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದು ಸರಿಯಾದ ಮರುಬಳಕೆಗೆ ಹೋಗಬೇಕು. ಅಂಗಡಿಯವರು ಎಕ್ಸ್‌ಚೇಂಜ್‌ನಲ್ಲಿ ಹೊಸದರ ರೇಟಿನಿಂದ ಹಳೆಯದರ ದುಡ್ಡನ್ನೂ ಕಳೆಯುತ್ತಾರೆ. ಆಸಿಡ್ ಮೋರಿಗೆ ಚೆಲ್ಲಿ ಬರೀ ಸೀಸ ಮಾರುವವರ ಕೈಗೆ ಹೋಗುವುದು ಬೇಡ.

ಕೂರಿಸುವಾಗ ಪಾಸಿಟಿವ್ ವೈರಿನ ಮೇಲೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಘಟ್ಟದಲ್ಲಿ ಬ್ಯಾಟರಿ ಸರಿದು ವೈರು ತಗಡಿಗೆ ತಾಗಿದರೆ ಇಡೀ ಗಾಡಿಯನ್ನು ಉಳಿಸುವುದು ಆ ಫ್ಯೂಸ್. ಕಬ್ಬಿಣದ ಪಟ್ಟಿ ಹಾಕಿ ನೆಲಕ್ಕೆ ಬಿಗಿಸಿ. ಬಾಗಿಲ ಹತ್ತಿರ ಕೈಗೆ ಸಿಗುವ ಕಡೆ ಒಂದು ಮೇನ್ ಸ್ವಿಚ್ ಹಾಕಿಸಿ, ಗಾಡಿ ನಿಲ್ಲಿಸಿ ಹೋಗುವಾಗ ಬಂದ್ ಮಾಡಿ. ಲೆಡ್ ಆದರೆ ಪೂರ್ತಿ ತುಂಬಿಸಿ ಬಂದ್ ಮಾಡಬೇಕು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಕೊಡಬೇಕು. ಲಿಥಿಯಂ ಆದರೆ ಶೇಕಡಾ 50-60ರಲ್ಲಿ ಬಿಟ್ಟು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಪೂರ್ತಿ ಬರಿದು ಮಾಡಿ ಮರೆತರೆ ಲಿಥಿಯಂ ಕೂಡ ಉಳಿಯುವುದಿಲ್ಲ. ಮೊದಲ ಪ್ರಯಾಣ ಐವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ಗಾಡಿ ನಿಲ್ಲಿಸಿ, ಪಾನಾ ಹಿಡಿದು ಎರಡೂ ಟರ್ಮಿನಲ್ ಇನ್ನೊಂದು ಸಲ ಬಿಗಿ ಮಾಡಿ.